ಮಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಪ್ರಯಾಣ: ಮೂರು ಲೆಕ್ಕಗಳಲ್ಲಿ ಯಾವುದನ್ನು ನಂಬುವುದು?

ಬದಿಯಡ್ಕದ ನಿವೃತ್ತ ಅಂಚೆ ನೌಕರ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರಿನಲ್ಲಿ ನಾನೂ ನನ್ನ ಮನೆಯವರೂ ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗುವುದೆಂದು ನಿಶ್ಚಯವಾಗಿದೆ. ಟಿಕೆಟನ್ನು ಮಗಳೇ ತೆಗೆದು ಕಳುಹಿಸಿದ್ದಾಳೆ. ಭಾನುವಾರ ಸಂಜೆ 4:30ಕ್ಕೆ ಮಂಗಳೂರಿನಿಂದ ಹೊರಟು, ಬೆಂಗಳೂರಿನಲ್ಲಿ ಒಮ್ಮೆ, ದುಬೈಯಲ್ಲಿ ಇನ್ನೊಮ್ಮೆ ವಿಮಾನ ಬದಲಾಯಿಸಿ, ಸೋಮವಾರ ಬೆಳಿಗ್ಗೆ 9:10ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವುದೆಂದು ಅದರಲ್ಲಿದೆ.

ನನ್ನ ಗೊಂದಲ ಇಷ್ಟು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಸಮಯವನ್ನು ಹೇಳುವ ಒಂದು ಜಾಲತಾಣದಲ್ಲಿ ನೋಡಿದಾಗ, ಮಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14,110 ಕಿಲೋಮೀಟರ್, ಪ್ರಯಾಣದ ಅವಧಿ 18 ಗಂಟೆ 8 ನಿಮಿಷ ಎಂದು ಬಂತು. ಟಿಕೆಟಿನ ಕೆಳಗೆ ಒಟ್ಟು ಅವಧಿ 29 ಗಂಟೆ 10 ನಿಮಿಷ ಎಂದು ಮುದ್ರಿಸಿದ್ದಾರೆ. ಹೊರಡುವ ಹೊತ್ತಿನಿಂದ ತಲುಪುವ ಹೊತ್ತಿನ ತನಕ ನಾನೇ ಎಣಿಸಿದರೆ 16 ಗಂಟೆ 40 ನಿಮಿಷ ಮಾತ್ರ ಆಗುತ್ತದೆ. ಒಂದೇ ದಾರಿಗೆ ಮೂರು ಲೆಕ್ಕ. ಮೊಣಕಾಲು ನೋವಿನವಳನ್ನು ಕರೆದುಕೊಂಡು ಹೋಗುವವನಾದುದರಿಂದ ಎಷ್ಟು ಹೊತ್ತು ಕುಳಿತಿರಬೇಕು ಎಂಬುದು ಮೊದಲೇ ತಿಳಿದಿದ್ದರೆ ಒಳ್ಳೆಯದು. ಮಂಗಳೂರಿಗಿಂತ ಕಣ್ಣೂರಿನಿಂದ ಹೋಗುವುದು ಮೇಲೆಂದು ಹೇಳುವವರೂ ಇದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ನೀರ್ಚಾಲಿನ ಗಣಿತ ಮಾಷ್ಟ್ರು

ಮೂರು ಲೆಕ್ಕಗಳೂ ಸರಿಯೇ ಇವೆ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ, ಅಷ್ಟೆ. ಒಂದೊಂದಾಗಿ ಬಿಡಿಸೋಣ.

16 ಗಂಟೆ 40 ನಿಮಿಷ ಎಂಬುದು ಗಡಿಯಾರಗಳ ವ್ಯತ್ಯಾಸ. ಟಿಕೆಟಿನಲ್ಲಿ ಹೊರಡುವ ಹೊತ್ತನ್ನು ಹೊರಡುವ ಊರಿನ ಸಮಯದಲ್ಲಿಯೂ ತಲುಪುವ ಹೊತ್ತನ್ನು ತಲುಪುವ ಊರಿನ ಸಮಯದಲ್ಲಿಯೂ ಬರೆಯುವುದು ಎಲ್ಲ ದೇಶಗಳ ಪದ್ಧತಿ. ಕ್ಯಾಲಿಫೋರ್ನಿಯಾವು ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದಿದೆ. ಅಲ್ಲಿ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನೀವು ಹೋಗುವುದು ಸೆಪ್ಟೆಂಬರಿನಲ್ಲಿ. ಅಲ್ಲಿಯ ಸೋಮವಾರ ಬೆಳಿಗ್ಗೆ 9:10 ಎಂದರೆ ಬದಿಯಡ್ಕದ ನಿಮ್ಮ ಮನೆಯ ಗಡಿಯಾರದಲ್ಲಿ ಸೋಮವಾರ ರಾತ್ರಿ 9:40. ಭಾನುವಾರ ಸಂಜೆ 4:30ರಿಂದ ಅಲ್ಲಿಗೆ 29 ಗಂಟೆ 10 ನಿಮಿಷವಾಗುತ್ತದೆ. ಟಿಕೆಟಿನ ಒಟ್ಟು ಅವಧಿ ಇದೇ.

ಇನ್ನು ಜಾಲತಾಣದ 18 ಗಂಟೆ. ಇಂತಹ ತಾಣಗಳು ಮಾಡುವ ಕೆಲಸ ಬಹಳ ಸರಳವಾದದ್ದು. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶಗಳನ್ನು ತೆಗೆದುಕೊಂಡು ಭೂಗೋಳದ ಮೇಲಿನ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿಯುತ್ತವೆ. ಅದನ್ನು ಗಂಟೆಗೆ 800 ಕಿಲೋಮೀಟರಿನಂತೆ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಕೂಡಿಸುತ್ತವೆ. 14,110ನ್ನು 800ರಿಂದ ಭಾಗಿಸಿದರೆ 17 ಗಂಟೆ 38 ನಿಮಿಷ; ಅರ್ಧ ಗಂಟೆ ಸೇರಿದಾಗ 18 ಗಂಟೆ 8 ನಿಮಿಷ. ಅಂತಹ ವಿಮಾನ ಇದೆಯೇ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಯಾವ ದೇಶ ತನ್ನ ಆಕಾಶವನ್ನು ಮುಚ್ಚಿದೆ ಎಂಬ ಯಾವ ವಿಚಾರವೂ ಅದಕ್ಕೆ ಬೇಕಾಗಿಲ್ಲ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ಅಮೆರಿಕಕ್ಕೆ ನೇರ ವಿಮಾನವೇ ಇಲ್ಲದಿರುವಾಗ ಆ 18 ಗಂಟೆ ಕಾಗದದ ಮೇಲಿನ ಸಂಖ್ಯೆಯೇ ಸರಿ.

ಹಾಗಾದರೆ ನಡುವಿನ 11 ಗಂಟೆ ಎಲ್ಲಿಗೆ ಹೋಯಿತು? ಮೂರು ಹಾರಾಟಗಳ ಅವಧಿಯನ್ನೂ ನಡುವಿನ ಕಾಯುವಿಕೆಯನ್ನೂ ಟಿಕೆಟಿನಿಂದ ಬಿಡಿಸಿ ಬರೆದರೆ ಉತ್ತರ ಅಲ್ಲಿಯೇ ಸಿಗುತ್ತದೆ.

ಬದಿಯಡ್ಕದ ನಿವೃತ್ತ ಅಂಚೆ ನೌಕರ

ಧನ್ಯವಾದ ಮಾಷ್ಟ್ರೇ. ಟಿಕೆಟಿನಲ್ಲಿರುವಂತೆ ಬರೆಯುತ್ತೇನೆ. ಮಂಗಳೂರಿನಿಂದ ಬೆಂಗಳೂರಿಗೆ 1 ಗಂಟೆ 5 ನಿಮಿಷ; ಅಲ್ಲಿ ಕಾಯುವುದು 4 ಗಂಟೆ 25 ನಿಮಿಷ; ಬೆಂಗಳೂರಿನಿಂದ ದುಬೈಗೆ 4 ಗಂಟೆ 15 ನಿಮಿಷ; ದುಬೈಯಲ್ಲಿ ಕಾಯುವುದು 3 ಗಂಟೆ 30 ನಿಮಿಷ; ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 15 ಗಂಟೆ 55 ನಿಮಿಷ.

ನೀರ್ಚಾಲಿನ ಗಣಿತ ಮಾಷ್ಟ್ರು

ಹಾರಾಟವೆಲ್ಲ ಸೇರಿ 21 ಗಂಟೆ 15 ನಿಮಿಷ, ನೆಲದ ಮೇಲೆ ಕಾಯುವುದು 7 ಗಂಟೆ 55 ನಿಮಿಷ. ಹೆಚ್ಚುವರಿ 11 ಗಂಟೆಯಲ್ಲಿ ಸುಮಾರು 8 ಗಂಟೆ ಹೀಗೆಯೇ ಮುಗಿಯಿತು. ಉಳಿದದ್ದು 3 ಗಂಟೆಗಿಂತ ಸ್ವಲ್ಪ ಹೆಚ್ಚು.

ಈಗ ದೂರವನ್ನು ನೋಡಿ. ಮಂಗಳೂರು–ಬೆಂಗಳೂರು ಸುಮಾರು 305 ಕಿಲೋಮೀಟರ್, ಬೆಂಗಳೂರು–ದುಬೈ ಸುಮಾರು 2,695, ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,020. ಕೂಡಿಸಿದರೆ 16,020 ಕಿಲೋಮೀಟರ್. ನೇರ ದಾರಿಗಿಂತ 1,900 ಕಿಲೋಮೀಟರ್ ಹೆಚ್ಚು. ಜಾಲತಾಣದ ಅದೇ 800ರ ವೇಗದಲ್ಲಿ ಇದಕ್ಕೆ 2 ಗಂಟೆ 23 ನಿಮಿಷ ಬೇಕು. ಮಿಕ್ಕಿದ ಮುಕ್ಕಾಲು ಗಂಟೆ, ಒಂದು ಸಲದ ಬದಲು ಮೂರು ಸಲ ಏರಿ ಇಳಿಯುವುದರ ದಂಡ. ದುಬೈಗೆ ಹೋಗಬೇಕಾದವರು ಮೊದಲು ಪೂರ್ವಕ್ಕೆ ಬೆಂಗಳೂರಿಗೆ ಹಾರಿ, ಮತ್ತೆ ಪಶ್ಚಿಮಕ್ಕೆ ತಿರುಗಿ ನಮ್ಮ ಕರಾವಳಿಯನ್ನು ದಾಟಿಕೊಂಡೇ ಹೋಗುವುದನ್ನು ಕಂಡಾಗ ನನಗೆ ಪ್ರತಿ ಸಲವೂ ನಗು ಬರುತ್ತದೆ. ಆದರೆ ಅದರ ಬೆಲೆ ಅಷ್ಟೇನೂ ಹೆಚ್ಚಲ್ಲ.

ಮುಳ್ಳೇರಿಯದ ಪ್ಲಸ್ ಟು ವಿದ್ಯಾರ್ಥಿನಿ

ಮಾಷ್ಟ್ರೇ, ಒಂದು ಸಂದೇಹ. ಗೋಡೆಯ ನಕ್ಷೆಯಲ್ಲಿ ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗೆರೆ ಎಳೆದರೆ ಅದು ಉತ್ತರ ಆಫ್ರಿಕಾ, ಅಟ್ಲಾಂಟಿಕ್ ಸಾಗರ, ಅಮೆರಿಕದ ಉದ್ದಗಲವನ್ನೆಲ್ಲ ದಾಟಿ ಹೋಗುತ್ತದೆ. ಆದರೆ ವಿಮಾನಗಳು ರಷ್ಯಾದ ಮೇಲೆ ಉತ್ತರಕ್ಕೆ ಹೋಗುವುದನ್ನು ಮೊಬೈಲಿನಲ್ಲಿ ನೋಡಿದ್ದೇನೆ. ಅದು ಸುತ್ತು ದಾರಿಯಲ್ಲವೇ?

ನೀರ್ಚಾಲಿನ ಗಣಿತ ಮಾಷ್ಟ್ರು

ಸುತ್ತು ದಾರಿ ಗೋಡೆಯ ನಕ್ಷೆಯದ್ದು. ಗೋಳವನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಧ್ರುವಗಳ ಕಡೆಯ ಪ್ರದೇಶಗಳು ಅಡ್ಡಕ್ಕೆ ಹಿಗ್ಗುತ್ತವೆ. ಆಫ್ರಿಕಾದ ಹದಿನಾಲ್ಕನೆಯ ಒಂದು ಭಾಗದಷ್ಟಿರುವ ಗ್ರೀನ್‌ಲ್ಯಾಂಡ್ ಆ ನಕ್ಷೆಯಲ್ಲಿ ಆಫ್ರಿಕಾಕ್ಕೆ ಸಮನಾಗಿ ಕಾಣಿಸುವುದು ಅದರಿಂದಲೇ. ನೀನು ಕೇಳಿದ ಜೋಡಿ ಊರುಗಳಂತೂ ಲೆಕ್ಕ ಹಾಕಲು ಅಪರೂಪದ ಅನುಕೂಲವಿರುವಂಥವು. ದುಬೈ ಸುಮಾರು 55.4 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ 122.4 ಡಿಗ್ರಿ ಪಶ್ಚಿಮದಲ್ಲಿದೆ. ಕೂಡಿಸಿದರೆ ಸುಮಾರು 178. ಅದು 180 ಆಗಿದ್ದರೆ ಎರಡೂ ಊರುಗಳು ಭೂಮಿಯ ನೇರ ಎದುರುಬದುರು ಮಗ್ಗುಲುಗಳಲ್ಲಿದ್ದು, ಅತಿ ಹತ್ತಿರದ ದಾರಿ ಸರಿಯಾಗಿ ಉತ್ತರ ಧ್ರುವದ ಮೇಲೆಯೇ ಹಾದುಹೋಗುತ್ತಿತ್ತು.

ಎರಡು ಡಿಗ್ರಿಯ ಕೊರತೆಯನ್ನು ಬಿಟ್ಟುಬಿಡು. ದುಬೈಯ ಅಕ್ಷಾಂಶ 25.25, ಅಲ್ಲಿಂದ ಧ್ರುವಕ್ಕೆ 64.75 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋದ ಅಕ್ಷಾಂಶ 37.62, ಧ್ರುವದಿಂದ ಅಲ್ಲಿಗೆ 52.38 ಡಿಗ್ರಿ. ಒಟ್ಟು 117.13 ಡಿಗ್ರಿ. ಭೂಮಿಯ ಮೇಲ್ಮೈಯಲ್ಲಿ ಒಂದು ಡಿಗ್ರಿಗೆ 111.2 ಕಿಲೋಮೀಟರ್ ಎಂದು ಹಿಡಿದರೆ 13,025 ಕಿಲೋಮೀಟರ್. ಕೊಸೈನ್ ಸೂತ್ರವನ್ನು ಮುಟ್ಟದೆ, ಬರಿಯ ಕೂಡುವುದು ಗುಣಿಸುವುದರಿಂದಲೇ ಐದಾರು ಕಿಲೋಮೀಟರಿನೊಳಗೆ ಉತ್ತರ ಬಂತು. ಮಂಗಳೂರು–ದುಬೈ ದೂರಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನು ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದ ಗುಣಿಸಿ ಕೂಡಿಸಬೇಕು. ಬರುವ 0.9264 ಎಂಬುದು 22.12 ಡಿಗ್ರಿಯ ಕೊಸೈನ್, ಅಂದರೆ 2,460 ಕಿಲೋಮೀಟರ್. ಪರೀಕ್ಷೆಯ ಪುಸ್ತಕದಲ್ಲಿ ಇಲ್ಲದಿದ್ದರೂ ಒಮ್ಮೆ ಮಾಡಿ ನೋಡು.

ಹೊಸದುರ್ಗದ ನಿವೃತ್ತ ಹವಾಮಾನ ಸಹಾಯಕ

ಮಾಷ್ಟ್ರ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಆದರೆ ದೂರವೊಂದನ್ನೇ ಹಿಡಿದುಕೊಂಡು ಸಮಯವನ್ನು ಹೇಳಹೊರಟರೆ ಆಕಾಶದಲ್ಲಿ ಗಾಳಿಯೇ ಇಲ್ಲವೆಂದು ಒಪ್ಪಿಕೊಂಡಂತಾಗುತ್ತದೆ. ವಿಮಾನದ ವೇಗ ಗಾಳಿಗೆ ಸಂಬಂಧಿಸಿದ್ದು, ನೆಲಕ್ಕಲ್ಲ. 35,000 ಅಡಿ ಎತ್ತರದಲ್ಲಿ ಸಾಮಾನ್ಯವಾಗಿ ಉಷ್ಣತೆ ಸೊನ್ನೆಗಿಂತ 54 ಡಿಗ್ರಿ ಕೆಳಗಿರುವುದರಿಂದ ಶಬ್ದದ ವೇಗ ಗಂಟೆಗೆ ಸುಮಾರು 1,067 ಕಿಲೋಮೀಟರಿಗೆ ಇಳಿಯುತ್ತದೆ. ಮಂಗಳೂರು–ದುಬೈ ನಡುವೆ ಓಡಾಡುವ ಬೋಯಿಂಗ್ 737, ಏರ್‌ಬಸ್ 320 ಜಾತಿಯ ವಿಮಾನಗಳು ಶಬ್ದದ ವೇಗದ 0.78 ಪಾಲಿನಷ್ಟು, ಅಂದರೆ ಗಂಟೆಗೆ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. ಅಮೆರಿಕಕ್ಕೆ ಹೋಗುವ 777, 787 ವಿಮಾನಗಳ ಪಾಲು 0.85ರ ಸುಮಾರು, ಅಂದರೆ 900 ಕಿಲೋಮೀಟರಿಗಿಂತ ತುಸು ಹೆಚ್ಚು.

ಚಳಿಗಾಲದಲ್ಲಿ ಉತ್ತರ ಭಾರತ ಮತ್ತು ಕೊಲ್ಲಿ ಪ್ರದೇಶದ ಮೇಲೆ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹವೆಂಬ ರಭಸದ ಗಾಳಿ ಬೀಸುತ್ತದೆ. ಅದು ಗಂಟೆಗೆ 150 ಕಿಲೋಮೀಟರನ್ನು ಮೀರುವುದು ಸಾಮಾನ್ಯ ಸಂಗತಿ. ಸರಾಸರಿ 100 ಕಿಲೋಮೀಟರಿನ ಎದುರುಗಾಳಿಯೆಂದು ಹಿಡಿಯಿರಿ. ಮಂಗಳೂರಿನಿಂದ ದುಬೈಗೆ ಹೋಗುವಾಗ ನೆಲದ ಮೇಲಿನ ವೇಗ 730ಕ್ಕೆ ಇಳಿದು 2,460 ಕಿಲೋಮೀಟರಿಗೆ 3 ಗಂಟೆ 22 ನಿಮಿಷ ಬೇಕಾಗುತ್ತದೆ. ಹಿಂದಿರುಗುವಾಗ ಅದೇ ಗಾಳಿ ಬೆನ್ನಿಗೆ ಬಂದು 2 ಗಂಟೆ 39 ನಿಮಿಷ ಸಾಕಾಗುತ್ತದೆ. ಒಂದೇ ದೂರ, ಮುಕ್ಕಾಲು ಗಂಟೆಯ ವ್ಯತ್ಯಾಸ. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗುತ್ತದೆಯೆಂದು ತಿಳಿಯಬೇಡಿ: ಎರಡನ್ನೂ ಕೂಡಿಸಿದರೆ 6 ಗಂಟೆ 1 ನಿಮಿಷ, ಗಾಳಿಯೇ ಇಲ್ಲದಿದ್ದರೆ 5 ಗಂಟೆ 56 ನಿಮಿಷ. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಹೋಗಿ ಬರುವ ಪ್ರಯಾಣದ ಒಟ್ಟು ಸಮಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಏಕೆಂದರೆ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಕಳೆಯುತ್ತೇವೆ.

ನಮ್ಮ ಕರಾವಳಿಯ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಕೆಳಗೆ ನೈಋತ್ಯ ಮಾರುತ ಮಳೆ ಸುರಿಸುತ್ತಿರುವಾಗಲೇ, ಮೇಲೆ 14–16 ಕಿಲೋಮೀಟರ್ ಎತ್ತರದಲ್ಲಿ ದಕ್ಷಿಣ ಭಾರತದ ನೆತ್ತಿಯ ಮೇಲೆ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತಿರುತ್ತದೆ. ಈ ಪೂರ್ವ ಜೆಟ್ ಪ್ರವಾಹವನ್ನು 1958ರಲ್ಲಿ ಪ್ರಬಂಧವಾಗಿ ಲೋಕಕ್ಕೆ ತಿಳಿಸಿದವರು ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ವಿಮಾನಗಳು ಅದರ ನಡುವಿಗಿಂತ ಸ್ವಲ್ಪ ಕೆಳಗೆ ಹಾರುತ್ತವಾದರೂ ಅದರ ಅಂಚು ಅವುಗಳಿಗೆ ತಗಲುತ್ತದೆ. ಆದುದರಿಂದ ಮಳೆಗಾಲದಲ್ಲಿ ಕೊಲ್ಲಿಗೆ ಹೋಗುವ ವಿಮಾನಕ್ಕೆ ದಾರಿಯ ದಕ್ಷಿಣ ಭಾಗದಲ್ಲಾದರೂ ಬೆನ್ನುಗಾಳಿ ದೊರೆಯುತ್ತದೆ; ಚಳಿಗಾಲದ ವ್ಯತ್ಯಾಸ ಆಗ ಕುಗ್ಗುತ್ತದೆ.

ಶಾರ್ಜಾ ನಿವಾಸಿ, ಊರು ಮಂಜೇಶ್ವರ

ಹವಾಮಾನದವರು ಹೇಳಿದ್ದು ನಮ್ಮ ಅನುಭವಕ್ಕೆ ಸರಿಯಾಗಿ ಹೊಂದುತ್ತದೆ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ವಿಮಾನ ಬಹಳ ಸಲ ಹೇಳಿದ ಹೊತ್ತಿಗಿಂತ ಮೊದಲೇ ಇಳಿಯುತ್ತದೆ, ಮರಳುವಾಗ ಆ ಭಾಗ್ಯ ವಿರಳ. ಒಂದು ಮಾತು ಸೇರಿಸುತ್ತೇನೆ. ವೇಳಾಪಟ್ಟಿಯಲ್ಲಿ ಬರೆಯುವುದು ಹಾರಾಟದ ಅವಧಿಯನ್ನಲ್ಲ. ವಿಮಾನ ನಿಂತ ಜಾಗದಿಂದ ಹಿಂದಕ್ಕೆ ಸರಿದಲ್ಲಿಂದ ಹಿಡಿದು ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವ ತನಕದ ಸಮಯವನ್ನು, ಅಂದರೆ ಬ್ಲಾಕ್ ಟೈಮನ್ನು ಬರೆಯುತ್ತಾರೆ. ದುಬೈಯಂತಹ ದಟ್ಟಣೆಯ ನಿಲ್ದಾಣದಲ್ಲಿ ರನ್‌ವೇಗಾಗಿ ನೆಲದ ಮೇಲೆ ಸರದಿಯಲ್ಲಿ ನಿಲ್ಲುವುದೂ, ಇಳಿಯುವ ಮೊದಲು ಆಕಾಶದಲ್ಲಿ ಸುತ್ತು ಹೊಡೆಯುವುದೂ ಅದರೊಳಗೆ ಸೇರಿವೆ. ವಿಮಾನ ಸಂಸ್ಥೆಗಳು ತಡವಾಯಿತೆನ್ನುವ ಮಾತು ಬಾರದಿರಲೆಂದು ಅದಕ್ಕೆ ಸ್ವಲ್ಪ ಹೆಚ್ಚುವರಿಯನ್ನೂ ಸೇರಿಸಿಕೊಳ್ಳುತ್ತವೆ. ಮೂರು ಗಂಟೆಯ ಹಾರಾಟಕ್ಕೆ ಟಿಕೆಟಿನಲ್ಲಿ ಮೂರು ಗಂಟೆ ನಲವತ್ತು ನಿಮಿಷ ಕಾಣಿಸುವುದು ಹೀಗೆ.

ಮುಳ್ಳೇರಿಯದ ಪ್ಲಸ್ ಟು ವಿದ್ಯಾರ್ಥಿನಿ

ಹಾಗಾದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗಲೂ ಬರುವಾಗಲೂ ಇಂತಹ ದೊಡ್ಡ ವ್ಯತ್ಯಾಸ ಇರಬೇಕಲ್ಲವೇ?

ಹೊಸದುರ್ಗದ ನಿವೃತ್ತ ಹವಾಮಾನ ಸಹಾಯಕ

ಅದು ಆಯ್ದ ದಾರಿಯನ್ನು ಅವಲಂಬಿಸಿದೆ ಮಗಳೇ. ದುಬೈಯಿಂದ ಧ್ರುವದ ಕಡೆಗೆ ಹೋಗುವ ವಿಮಾನ ಬಹುಪಾಲು ಉತ್ತರಕ್ಕೂ ಆಮೇಲೆ ದಕ್ಷಿಣಕ್ಕೂ ಸಾಗುತ್ತದೆ. ಪಶ್ಚಿಮದ ಜೆಟ್ ಪ್ರವಾಹ ಅದಕ್ಕೆ ಅಡ್ಡಲಾಗಿ ತಗಲುವುದರಿಂದ ಎರಡು ದಿಕ್ಕಿನ ಅವಧಿಗಳ ನಡುವಿನ ಅಂತರ ಅಷ್ಟು ದೊಡ್ಡದಾಗುವುದಿಲ್ಲ. ಪೂರ್ವ ಪಶ್ಚಿಮವಾಗಿ ಹೋದರೆ ಕತೆ ಬೇರೆ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿಯ ಬದಲಿಗೆ ಪೆಸಿಫಿಕ್ ಸಾಗರದ ಮೇಲೆ ಕಳುಹಿಸಿತು. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿಲೋಮೀಟರ್, ಪೆಸಿಫಿಕ್ ದಾರಿ ಸುಮಾರು 15,300 ಕಿಲೋಮೀಟರ್. ಆದರೂ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಬೇಗ ಅದು ತಲುಪಿತು. ಕಾರಣವೆಂದರೆ ಬೆನ್ನಹಿಂದೆ ಗಾಳಿ. 1,400 ಕಿಲೋಮೀಟರ್ ಹೆಚ್ಚು ಹಾರಿ ಸಮಯ ಉಳಿಸಿದ ಈ ಉದಾಹರಣೆಯನ್ನು ದೂರವನ್ನು ವೇಗದಿಂದ ಭಾಗಿಸಿ ಉತ್ತರ ಹೇಳುವ ಯಾವ ಜಾಲತಾಣವೂ ಊಹಿಸಲಾರದು.

ಧ್ರುವದ ದಾರಿಗೂ ಅದರದೇ ಆದ ಕಟ್ಟುಪಾಡುಗಳಿವೆ. ವಿಮಾನದ ಇಂಧನ ಜೆಟ್ ಎ-1 ಸೊನ್ನೆಗಿಂತ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಲಾರಂಭಿಸುತ್ತದೆ; ಉತ್ತರದ ಚಳಿಗಾಲದಲ್ಲಿ ಹೊರಗಿನ ಗಾಳಿ ಅದಕ್ಕಿಂತಲೂ ಬಹಳ ತಣ್ಣಗಿರಬಹುದು. ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು ಪೈಲಟ್‌ಗಳು ನೋಡುತ್ತಲೇ ಇದ್ದು, ಬೇಕಾದರೆ ಎತ್ತರವನ್ನು ಬದಲಿಸುತ್ತಾರೆ ಇಲ್ಲವೇ ವೇಗವನ್ನು ಹೆಚ್ಚಿಸುತ್ತಾರೆ. ತುರ್ತು ಸಂದರ್ಭದಲ್ಲಿ ಇಳಿಯಲು ದಾರಿಯುದ್ದಕ್ಕೂ ನಿಲ್ದಾಣಗಳನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿದದ್ದು ನಿಮಗೆ ನೆನಪಿರಬಹುದು.

ಪೆರ್ಲದ ಗೃಹಿಣಿ

ಅಂಚೆಯ ಅಣ್ಣನಿಗೆ ಬೇಕಾದದ್ದು ಮಗದಾನ್ ಅಲ್ಲ, ಅಕ್ಕನ ಮೊಣಕಾಲಿನ ವಿಚಾರ. ನಾನು ಮಗನ ಮನೆಗೆ ಇದೇ ದುಬೈ ದಾರಿಯಲ್ಲಿ ಹೋಗಿ ಬಂದವಳು. ನಡುವಿನ ಮೂರೂವರೆ ಗಂಟೆಯನ್ನು ವ್ಯರ್ಥವೆಂದು ಎಣಿಸಬೇಡಿ. ಕಾಲು ನೀಡಿ ನಡೆದಾಡಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಕಷ್ಟವಾಗುವುದು ಕೊನೆಯ ಹದಿನಾರು ಗಂಟೆ. ಓಣಿಯ ಪಕ್ಕದ ಆಸನವನ್ನು ಈಗಲೇ ಕೇಳಿ ಪಡೆಯಿರಿ, ಒಂದೆರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ನೀರು ಚೆನ್ನಾಗಿ ಕುಡಿಯಿರಿ, ಕಾಲಿನ ಒತ್ತು ಕಾಲುಚೀಲದ ಬಗ್ಗೆ ಡಾಕ್ಟರರಲ್ಲಿ ವಿಚಾರಿಸಿ. ಗಾಲಿಕುರ್ಚಿಯ ಸೇವೆಯನ್ನು ಟಿಕೆಟಿನಲ್ಲಿಯೇ ಬರೆಸಿಕೊಂಡರೆ ದುಬೈಯಲ್ಲಿ ಒಂದು ದ್ವಾರದಿಂದ ಇನ್ನೊಂದು ದ್ವಾರಕ್ಕೆ ನಡೆಯುವ ಶ್ರಮ ಉಳಿಯುತ್ತದೆ. ಅಲ್ಲಿಯ ನಡಿಗೆ ಸಣ್ಣದಲ್ಲ. ಮತ್ತೊಂದು ವಿಷಯ: 29 ಗಂಟೆಯ ಲೆಕ್ಕದಲ್ಲಿ ಬದಿಯಡ್ಕದಿಂದ ಬಜ್ಪೆಗೆ ಹೋಗುವ ಹೊತ್ತಾಗಲಿ, ಅಲ್ಲಿ ಮುಂಚಿತವಾಗಿ ಹೋಗಿ ಕಾಯುವುದಾಗಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಲಸೆ ತಪಾಸಣೆಯ ಸಾಲಾಗಲಿ ಸೇರಿಲ್ಲ. ಮನೆಯಿಂದ ಮನೆಗೆ ಒಂದೂವರೆ ದಿನವೆಂದೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಕುಂಬಳೆಯಲ್ಲಿ ಟಿಕೆಟ್ ಕೆಲಸ ಮಾಡುವವ

ಕಣ್ಣೂರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಾದುದರಿಂದ ನಾನು ಬರೆಯುತ್ತೇನೆ. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದಂದಿನಿಂದ ನಮ್ಮ ಕಾಸರಗೋಡು ಜಿಲ್ಲೆಯ ಜನರಿಗೆ ಈ ಸಂದೇಹ ತಪ್ಪಿದ್ದಿಲ್ಲ. ದುಬೈಗೆ ಮಂಗಳೂರಿನಿಂದ 2,460 ಕಿಲೋಮೀಟರ್ ಆದರೆ ಕಣ್ಣೂರಿನಿಂದ ಸುಮಾರು 2,590. ಆಕಾಶದಲ್ಲಿ ಈ 130 ಕಿಲೋಮೀಟರಿಗೆ ಹತ್ತು ನಿಮಿಷವೂ ಬೇಡ. ನೆಲದಲ್ಲಿ ಹಾಗಲ್ಲ: ಕಾಸರಗೋಡು ಪೇಟೆಯಿಂದ ಬಜ್ಪೆಗೆ ಅರುವತ್ತು ಚಿಲ್ಲರೆ ಕಿಲೋಮೀಟರ್, ಮಟ್ಟನ್ನೂರಿಗೆ ನೂರರ ಮೇಲೆ. ಚೆರುವತ್ತೂರು, ನೀಲೇಶ್ವರದ ಕಡೆಯವರಿಗೆ ಕಣ್ಣೂರು ಸರಿ. ಹೊಸದುರ್ಗದವರು ಆ ದಿನದ ದರ ನೋಡಿ ನಿರ್ಧರಿಸಬಹುದು. ಬದಿಯಡ್ಕ, ಕುಂಬಳೆ, ಉಪ್ಪಳದವರು ಬಜ್ಪೆಯನ್ನು ಬಿಟ್ಟು ಅಷ್ಟು ದೂರ ಹೋಗುವುದು ಟಿಕೆಟಿನ ದರದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಮಾತ್ರ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡಕ್ಕೆ ಮೋಡ ಕವಿದು ವಿಮಾನಗಳು ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದುಂಟು. ಸೆಪ್ಟೆಂಬರಿನಲ್ಲಿ ಆ ಭಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಮಂಗಳೂರಿನಿಂದ ನೇರ ದುಬೈಗೆ ಹೋಗಿ ಅಲ್ಲಿಂದ ಅಮೆರಿಕದ ವಿಮಾನ ಹಿಡಿಯಬಾರದೇಕೆ ಎಂದು ಮಾಷ್ಟ್ರಂತೆ ಅನೇಕರು ಕೇಳುತ್ತಾರೆ. ದೂರದ ಲೆಕ್ಕದಲ್ಲಿ ಅದೇ ಒಳ್ಳೆಯದು, ಒಟ್ಟು 15,480 ಕಿಲೋಮೀಟರ್. ಆದರೆ ಕೊಲ್ಲಿಯ ದೊಡ್ಡ ವಿಮಾನ ಸಂಸ್ಥೆಗಳು ಮಂಗಳೂರಿಗೂ ಕಣ್ಣೂರಿಗೂ ಬರುವುದಿಲ್ಲ. ಇಲ್ಲಿಂದ ಕೊಲ್ಲಿಗೆ ಹಾರುವುದೆಲ್ಲ ಭಾರತೀಯ ಸಂಸ್ಥೆಗಳ ವಿಮಾನಗಳು. ಎರಡು ಬೇರೆ ಬೇರೆ ಟಿಕೆಟುಗಳಾದರೆ ದುಬೈಯಲ್ಲಿ ವೀಸಾ ಮಾಡಿಸಿಕೊಂಡು ಹೊರಗೆ ಬಂದು, ಸಾಮಾನು ತೆಗೆದುಕೊಂಡು, ಇನ್ನೊಂದು ಟರ್ಮಿನಲ್‌ಗೆ ಹೋಗಿ ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ವಯಸ್ಸಾದವರಿಗೆ ನಾನು ಅದನ್ನು ಎಂದೂ ಸೂಚಿಸುವುದಿಲ್ಲ.

ಬಜ್ಪೆಯಿಂದಲೇ ಅಮೆರಿಕಕ್ಕೆ ವಿಮಾನ ಬರಲಿ ಎನ್ನುವವರಿಗೂ ಒಂದು ಮಾತು. ಅಷ್ಟು ದೂರಕ್ಕೆ ಇಂಧನ ತುಂಬಿದ 777 ವಿಮಾನ 350 ಟನ್ನಿನವರೆಗೆ ತೂಗಬಹುದು. ಅದು ಮೇಲೇಳಲು ಉದ್ದನೆಯ ರನ್‌ವೇ ಬೇಕು. ಬೆಂಗಳೂರಿನದು 4,000 ಮೀಟರ್, ಕಣ್ಣೂರಿನದು 3,050, ಬಜ್ಪೆಯದು 2,450. ಬಜ್ಪೆಯದು ಗುಡ್ಡದ ನೆತ್ತಿಯ ಮೇಲಿನ ನಿಲ್ದಾಣ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡ ಬಳಿಕ ನಮ್ಮ ಜಿಲ್ಲೆಯಲ್ಲಿ ಯಾರಿಗೂ ರನ್‌ವೇಯ ಉದ್ದವೆಂದರೇನೆಂದು ವಿವರಿಸಬೇಕಾಗಿಲ್ಲ.

ಶಾರ್ಜಾ ನಿವಾಸಿ, ಊರು ಮಂಜೇಶ್ವರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಸಿಗುವುದಾದರೆ ಅದು ಇನ್ನೂ ಉತ್ತಮವಲ್ಲವೇ? 2021ರ ಜನವರಿಯಲ್ಲಿ ಏರ್ ಇಂಡಿಯಾ ಅದನ್ನು ಆರಂಭಿಸಿದಾಗ ಮಹಿಳೆಯರೇ ಇದ್ದ ಪೈಲಟ್ ತಂಡ ಉತ್ತರ ಧ್ರುವದ ಮೇಲಿನಿಂದ ವಿಮಾನವನ್ನು ಬೆಂಗಳೂರಿಗೆ ತಂದದ್ದು ದೊಡ್ಡ ಸುದ್ದಿಯಾಗಿತ್ತು.

ನೀರ್ಚಾಲಿನ ಗಣಿತ ಮಾಷ್ಟ್ರು

ಅದರ ನೇರ ದೂರ ಸುಮಾರು 13,990 ಕಿಲೋಮೀಟರ್, ಅವಧಿ ಹದಿನೇಳು ಗಂಟೆಯ ಆಸುಪಾಸು. ಲೆಕ್ಕದ ಮೋಜೆಂದರೆ ಈ ಜೋಡಿಗೆ ಅತಿ ಹತ್ತಿರದ ದಾರಿ ಧ್ರುವಕ್ಕೆ ಹೋಗುವುದೇ ಇಲ್ಲ. ಸುಮಾರು 71 ಡಿಗ್ರಿ ಉತ್ತರದಲ್ಲಿಯೇ ತಿರುಗಿಬಿಡುತ್ತದೆ. ಆದರೂ ಧ್ರುವದ ಮೇಲೆ ಹಾರಿದರೆಂದರೆ ಅಂದಿನ ಗಾಳಿಯನ್ನು ನೋಡಿ ದೂರವನ್ನು ಬಿಟ್ಟುಕೊಟ್ಟಿರಬೇಕು. ಇಲ್ಲಿ ಹವಾಮಾನದವರ ಮಾತಿಗೆ ನಾನು ತಲೆಬಾಗುತ್ತೇನೆ. ನೇರ ವಿಮಾನಗಳ ವಿಚಾರದಲ್ಲಿ ಇನ್ನೊಂದು ಅನಿಶ್ಚಿತತೆಯೂ ಇದೆ. 2022ರ ಫೆಬ್ರವರಿಯಲ್ಲಿ ಆರಂಭವಾದ ಉಕ್ರೇನ್ ಯುದ್ಧದ ನಂತರ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳಿಗೆ ಮುಚ್ಚಿತು, ಭಾರತ ಮತ್ತು ಕೊಲ್ಲಿಯ ಸಂಸ್ಥೆಗಳಿಗೆ ಮುಚ್ಚಲಿಲ್ಲ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನದ ಆಕಾಶ ಭಾರತೀಯ ಸಂಸ್ಥೆಗಳಿಗೆ ಮುಚ್ಚಿದಾಗ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಬಹಳ ಸುತ್ತಬೇಕಾಯಿತು. ಅರಬ್ಬೀ ಸಮುದ್ರದ ಮೇಲೆ ಹೋಗುವ ಮಂಗಳೂರು–ದುಬೈ ದಾರಿಗೆ ಆ ತೊಂದರೆ ತಟ್ಟಲಿಲ್ಲ.

ಪೆರ್ಲದ ಗೃಹಿಣಿ

ನೇರ ವಿಮಾನದಲ್ಲಿ ಹದಿನೇಳು ಗಂಟೆ ಒಂದೇ ಆಸನದಲ್ಲಿ! ಮೊಣಕಾಲು ನೋವಿನವರಿಗೆ ನಾಲ್ಕು ಮತ್ತು ಹದಿನಾರಾಗಿ ಒಡೆದದ್ದೇ ವಾಸಿ.

ಬದಿಯಡ್ಕದ ನಿವೃತ್ತ ಅಂಚೆ ನೌಕರ

ಎಲ್ಲರ ಉತ್ತರಗಳನ್ನೂ ಮನೆಯವರಿಗೆ ಓದಿ ಹೇಳಿದೆ. ಒಂದು ದಿನ ಮೊದಲೇ ಸಂಜೆ ಕಾಸರಗೋಡಿನಲ್ಲಿ ಬೆಂಗಳೂರಿನ ರೈಲು ಹತ್ತಿ, ಮಲಗಿಕೊಂಡು ಹೋಗಿ, ಬೆಳಿಗ್ಗೆ ತಮ್ಮನ ಮನೆಯಲ್ಲಿ ಇಳಿದು, ಹಗಲೆಲ್ಲ ವಿಶ್ರಮಿಸಿ ರಾತ್ರಿ ದುಬೈಯ ವಿಮಾನ ಹಿಡಿಯುವುದೆಂದು ಆಲೋಚಿಸಿದ್ದೇವೆ. ಮಂಗಳೂರಿನ ವಿಮಾನವನ್ನು ಬಿಟ್ಟುಬಿಟ್ಟರೆ ಟಿಕೆಟಿನ ಅವಧಿ 23 ಗಂಟೆ 40 ನಿಮಿಷಕ್ಕೆ ಇಳಿಯುತ್ತದೆ. ಹಿಂದಿರುಗುವುದು ಜನವರಿಯಲ್ಲಿ: ಸೋಮವಾರ ಸಂಜೆ 4 ಗಂಟೆಗೆ ಅಲ್ಲಿಂದ ಹೊರಟು ಬುಧವಾರ ನಸುಕಿನ 3:55ಕ್ಕೆ ಬೆಂಗಳೂರು. ಇದು 36 ಗಂಟೆಯಾಗುತ್ತದೆಯೇ?

ನೀರ್ಚಾಲಿನ ಗಣಿತ ಮಾಷ್ಟ್ರು

ಇಲ್ಲ. ಗಡಿಯಾರಗಳ ವ್ಯತ್ಯಾಸ 35 ಗಂಟೆ 55 ನಿಮಿಷ. ಜನವರಿಯಾದುದರಿಂದ ಹದಿಮೂರೂವರೆ ಗಂಟೆ ಕಳೆಯಿರಿ. ನಿಜವಾಗಿ 22 ಗಂಟೆ 25 ನಿಮಿಷ.

ಕುಂಬಳೆಯಲ್ಲಿ ಟಿಕೆಟ್ ಕೆಲಸ ಮಾಡುವವ

ಅಣ್ಣ, ರೈಲಿನ ಆಲೋಚನೆ ಒಳ್ಳೆಯದೇ. ಆದರೆ ಮಂಗಳೂರಿನ ವಿಮಾನವನ್ನು ಹಾಗೆಯೇ ಬಿಟ್ಟುಬಿಡಬೇಡಿ. ಮೂರು ಹಾರಾಟಗಳೂ ಒಂದೇ ಟಿಕೆಟಿನಲ್ಲಿದ್ದರೆ ಮೊದಲನೆಯದಕ್ಕೆ ನೀವು ಹಾಜರಾಗದಿದ್ದ ಕೂಡಲೇ ಮುಂದಿನವೆಲ್ಲ ತಾವಾಗಿಯೇ ರದ್ದಾಗುತ್ತವೆ. ಬೆಂಗಳೂರಿನ ಕೌಂಟರಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಮರಳುವ ಟಿಕೆಟೂ ಅದರೊಂದಿಗೆ ಹೋಗಬಹುದು. ಟಿಕೆಟು ತೆಗೆದವರ ಮೂಲಕವೇ ಅದನ್ನು ಬೆಂಗಳೂರಿನಿಂದ ಆರಂಭವಾಗುವಂತೆ ಮೊದಲೇ ಬದಲಾಯಿಸಿಕೊಳ್ಳಬೇಕು. ದರದ ವ್ಯತ್ಯಾಸವೋ ಶುಲ್ಕವೋ ಬಂದರೆ ಎಷ್ಟೆಂದು ಕೇಳಿಕೊಂಡು, ಬದಲಾದ ಟಿಕೆಟು ಕೈಗೆ ಬಂದ ನಂತರವೇ ರೈಲಿಗೆ ಸೀಟು ಕಾದಿರಿಸಿ. ಮರಳುವ ದಾರಿ ಬೆಂಗಳೂರಿನಲ್ಲಿ ಮುಗಿಯುತ್ತದೆಯೋ ಮಂಗಳೂರಿನಲ್ಲಿ ಮುಗಿಯುತ್ತದೆಯೋ ಎಂಬುದನ್ನೂ ಆಗಲೇ ಸ್ಪಷ್ಟಪಡಿಸಿಕೊಳ್ಳಿ. ಬೆಂಗಳೂರಿನಿಂದ ಮಂಗಳೂರಿಗೆ ಬೇರೆ ಟಿಕೆಟು ತೆಗೆದರೆ ಆ ಹಾರಾಟಕ್ಕೆ ದೇಶದೊಳಗಿನ ಸಾಮಾನ್ಯ 15 ಕಿಲೋ ಸಾಮಾನಿನ ಮಿತಿ ಅನ್ವಯವಾಗುತ್ತದೆ, ಮಗಳು ಕಟ್ಟಿಕೊಡುವ ಪೆಟ್ಟಿಗೆಗಳು ಅದರೊಳಗೆ ನಿಲ್ಲುವುದಿಲ್ಲ.

ಬದಿಯಡ್ಕದ ನಿವೃತ್ತ ಅಂಚೆ ನೌಕರ

ಇದು ನನಗೆ ತಿಳಿದಿರಲಿಲ್ಲ. ಮಗಳಿಗೆ ಈ ರಾತ್ರಿಯೇ ತಿಳಿಸುತ್ತೇನೆ. ಅಲ್ಲಿ ಆಗ ಬೆಳಿಗ್ಗೆ ಎಂಟೂವರೆ ಆಗಿರುತ್ತದೆ, ಕೆಲಸಕ್ಕೆ ಹೊರಡುವ ಮೊದಲು ಸಿಗುತ್ತಾಳೆ.